ಬಣ್ಣದ ಸೀಸೆಗೆ ಲೋಹಸಹಿತ ಅಕ್ಕರೆ ತೋರುವುದರ ನಿಷೇಧ

ಬಣ್ಣ ಮತ್ತು ಬೆಳಕು ವಿಭಾಗ, ಗರುಡಾಚಾರ್‌ಪಾಳ್ಯ, ಬೆಂಗಳೂರು
ಸಂಖ್ಯೆ: ಬಬೆವಿ/ಸತು/ಅಕ್ಕರೆ/07/2003-04

ವಿಷಯ: ಸಂಶೋಧನೆಯ ಸೀಸೆಗಳ ಬಳಿ ಲೋಹಸಹಿತ ಅಕ್ಕರೆಯನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ: 1. ಕುಮಾರಿ ರಿಮ್ಶಾ ಅವರ ಮನವಿ (ಕಣ್ಣೀರಿನೊಂದಿಗೆ).
2. ಸ್ವಚ್ಛತಾ ಸಿಬ್ಬಂದಿ ಶ್ರೀಮತಿ ಜಟ್ಟೆಮ್ಮ ಅವರ ಮೌಖಿಕ ವಿವರಣೆ (ಸೆರಗಿಗೆ ಕೈ ಒರೆಸಿಕೊಳ್ಳುತ್ತ).

ಶಿವಾಜಿನಗರದಿಂದ ಬಸ್ಸು ಬದಲಿಸಿ ಬರುವ ವಿದ್ಯಾರ್ಥಿನಿ ರಿಮ್ಶಾ ಅವರು ಮೂರು ವರ್ಷ ದುಡಿದು ಒಂದು ಬಣ್ಣವನ್ನು ತಯಾರಿಸಿರುತ್ತಾರೆ. ಸತು ಸಿಕ್ಕರೆ ಅದು ಹಸಿರಾಗಿ ಹೊಳೆಯತಕ್ಕದ್ದು. ಸಿಗದಿದ್ದರೆ ಕತ್ತಲಾಗಿಯೇ ಇರತಕ್ಕದ್ದು. ದೇಹದೊಳಗೆ ಸತು ಎಲ್ಲಿದೆಯೆಂದು ಬೆಳಕಿನ ಯಂತ್ರಕ್ಕೂ ಅಯಸ್ಕಾಂತದ ಸ್ಕ್ಯಾನಿಂಗ್ ಯಂತ್ರಕ್ಕೂ ಅದೊಂದೇ ಹನಿ ತೋರಿಸಿಕೊಡತಕ್ಕದ್ದು. ಆದರೆ ಕಳೆದ ವಾರ ಸತು ಹಾಕದ ಸೀಸೆಯೂ ಹೊಳೆದು ಪರೀಕ್ಷೆ ಕೆಟ್ಟಿರುತ್ತದೆ. ಈಗ ಒಂದೇ ಸೀಸೆ ಬಣ್ಣ ಉಳಿದಿದ್ದು, ಅದನ್ನೇ ಸತು ಹಾಕುವ, ಹಾಕದ ಎರಡು ಸೀಸೆಗಳಿಗೆ ಹಂಚಬೇಕಾಗಿದೆ. ಎರಡೂ ಯಂತ್ರಗಳು ಸಿಗುವುದು ಬರುವ ಶುಕ್ರವಾರ ಮಾತ್ರ. ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

1. ಸೀಸೆಗಳನ್ನು ಸತು ಲೇಪಿಸಿದ ತಗಡಿನ ಬಕೆಟ್ಟಿನಲ್ಲಿ ತೊಳೆಯತಕ್ಕದ್ದಲ್ಲ. "ಪಾಪ, ಆ ಮಗು ತೊಳ್ದೂ ತೊಳ್ದೂ ಕೈ ಸವೆಸ್ಕೊಂಡಿತ್ತು, ಅದ್ಕೇ ನಾನೇ ನೆನೆಸಿ ತೊಳ್ದಿಟ್ಟೆ" ಎಂಬ ಜಟ್ಟೆಮ್ಮ ಅವರ ವಿವರಣೆಯನ್ನು ಪರಿಶೀಲಿಸಲಾಗಿ, ಅಪರಾಧ ಬಕೆಟ್ಟಿನದೆಂದು ತೀರ್ಮಾನಿಸಲಾಗಿದೆ.

2. ತಾಮ್ರವು ಈ ಬಣ್ಣದ ಹೊಳಪನ್ನು ನುಂಗುತ್ತದೆ. ಆದಾಗ್ಯೂ ಅಧೀಕ್ಷಕರು "ತಾಮ್ರದ ನೀರು ಬುದ್ಧಿಗೆ ಒಳ್ಳೇದು ಕಣಮ್ಮ" ಎಂದು ತಮ್ಮ ಚೊಂಬಿನ ನೀರನ್ನು ರಿಮ್ಶಾ ಅವರಿಗೆ ಕುಡಿಸಿ, ಮಿಕ್ಕಿದ್ದನ್ನು ಪರೀಕ್ಷೆಯ ನೀರಿಗೂ ಬೆರೆಸಿರುತ್ತಾರೆ. ಇನ್ನು ಮುಂದೆ ಬುದ್ಧಿಯನ್ನು ವಿದ್ಯಾರ್ಥಿನಿಗೆ ಮಾತ್ರ ನೀಡತಕ್ಕದ್ದು.

3. ಆಯುಧಪೂಜೆಯಂದು ಯಂತ್ರಕ್ಕೆ ಕುಂಕುಮ, ನಾಣ್ಯ ಇಡತಕ್ಕದ್ದಲ್ಲ. ಚೆಂಡುಹೂವೂ ಯಂತ್ರದ ಬೆಳಕಿನಲ್ಲಿ ಹೊಳೆಯುವುದರಿಂದ ಹೂವಿನ ಚಿತ್ರವನ್ನು ಬಾಗಿಲ ಹೊರಗೆ ಅಂಟಿಸತಕ್ಕದ್ದು. ನಿಂಬೆಹಣ್ಣನ್ನು ಪಾನಕ ಮಾಡತಕ್ಕದ್ದು.

4. ಮುಖಕ್ಕೆ ಹಚ್ಚುವ ಕೆಲವು ಪೌಡರುಗಳಲ್ಲಿ ಸತು ಇರುತ್ತದೆ. ಪೌಡರು ಬಿಡಲಾಗದವರು ಕಿಟಕಿಯಾಚೆ ನಿಂತು ಸುಂದರವಾಗಿ ಕಾಣತಕ್ಕದ್ದು. ಹಲ್ಲಿಗೆ ಲೋಹದ ಟೋಪಿ ಹಾಕಿಸಿಕೊಂಡವರು ಸೀಸೆಯ ಕಡೆ ಬಾಯಿ ಮುಚ್ಚಿಯೇ ನಗತಕ್ಕದ್ದು.

5. ರಿಮ್ಶಾ ಅವರ ತಾಯಿ ಶಂಶುನ್ನೀಸಾ ಅವರು ಸೀಸೆಯ ಕತ್ತಿಗೆ ಕಟ್ಟಲು ಕಳುಹಿಸಿದ ಲೋಹದ ತಾಯತವನ್ನು ಸಕಲ ಗೌರವದೊಂದಿಗೆ ಪಕ್ಕದ ಕೋಣೆಯ ಮೊಳೆಗೆ ತೂಗುಹಾಕಲಾಗಿದೆ. ಗೋಡೆಯಾಚೆಗೆ ಅದರ ಶಕ್ತಿ ತಲುಪುವುದೋ ಇಲ್ಲವೋ ಎಂದು ಪರೀಕ್ಷಿಸಲು ವಿಭಾಗಕ್ಕೆ ಧೈರ್ಯವಿರುವುದಿಲ್ಲ.

6. ಲೋಹರಹಿತ ಅಕ್ಕರೆಗೆ ಅಡ್ಡಿಯಿಲ್ಲ. ಮಧ್ಯಾಹ್ನ ರಿಮ್ಶಾ ಅವರನ್ನು ಎಳೆದು ತಂದು ಬಾಳೆಲೆಯಲ್ಲಿ ಉಣಿಸತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು.

ಷರಾ: ಈ ಸುತ್ತೋಲೆ ಸಹಿಗಾಗಿ ಮೇಜಿನ ಮೇಲಿದ್ದಾಗಲೇ ಶುಕ್ರವಾರ ಬಂದು ಹೋಗಿರುತ್ತದೆ. ಸಹಿಯಾಗದ ಸುತ್ತೋಲೆಯನ್ನು ಸಿಬ್ಬಂದಿ ಪಾಲಿಸಿರುವುದು ವಿಭಾಗದ ಇತಿಹಾಸದಲ್ಲಿ ಇದೇ ಮೊದಲು. ಸತು ಹಾಕಿದ ಸೀಸೆ ಎರಡೂ ಯಂತ್ರಗಳಿಗೆ ಕಂಡಿದೆ. ಸತು ಹಾಕದ ಸೀಸೆ ಕತ್ತಲಾಗಿಯೇ ಉಳಿದಿದೆ. ಅದನ್ನು ಕಂಡು ರಿಮ್ಶಾ ಅವರು ಕುಣಿದಿದ್ದಕ್ಕೆ, "ಅಯ್ಯೋ, ಇದು ಹೊಳೀಲೇ ಇಲ್ವಲ್ಲಮ್ಮ, ಯಾಕಿಂಗೆ ನಗ್ತೀಯ?" ಎಂದು ಜಟ್ಟೆಮ್ಮ ಅವರು ಕೇಳಿರುತ್ತಾರೆ. "ಅದಕ್ಕೇ ಖುಷಿ ಜಟ್ಟೆಮ್ಮಕ್ಕ! ಸುಮ್ನಿರ್ಬೇಕಾದ್ದು ಸುಮ್ನಿದೆ ನೋಡಿ!" ಎಂದು ಉತ್ತರಿಸಲಾಗಿದೆ.

ಆದ್ದರಿಂದ, ಏನೂ ಹೊಳೆಯದಿರುವುದನ್ನು ಕಂಡು ಸಂತೋಷಪಡಲು ಸಮಸ್ತ ಸಿಬ್ಬಂದಿಗೆ ಅರ್ಧ ದಿನದ ಅನುಮತಿ ನೀಡಲಾಗಿದೆ.

ಸಹಿ/-
ಚಂದ್ರಶೇಖರಯ್ಯ
ಅಧೀಕ್ಷಕರು (ಕಲಂ 2ರಲ್ಲಿನ ಚೊಂಬಿನ ಮಾಲೀಕರೂ ಹೌದು)

ಪ್ರತಿಗಳು:
1. ಶ್ರೀಮತಿ ಶಂಶುನ್ನೀಸಾ, ಶಿವಾಜಿನಗರ: ತಾಯತ ಇನ್ನೂ ಮೊಳೆಯಲ್ಲೇ ಇದೆ, ಮುಂದಿನ ಪರೀಕ್ಷೆಗೂ ಬೇಕಾಗಿದೆ.
2. ಶ್ರೀಮತಿ ಜಟ್ಟೆಮ್ಮ: ಓದಿ ಹೇಳಿ, ನಗಿಸಲು.
3. ತಗಡಿನ ಬಕೆಟ್ಟು: ಅದರಲ್ಲೀಗ ದೊಡ್ಡಪತ್ರೆ ನೆಡಲಾಗಿದೆ, ಚಿಗುರಿದೆ.