ನೊಣಗಳಿಗೆ ನಾನು ಮಾಡಿಸಿದ ಮದುವೆ

ಸಿಂಧು, ಭಾವನಾ, ನೆಂಟರ ಮುಂದೆ ಈ ಕಥೆ ಹೇಳುವಾಗ ಪ್ರತಿ ಸಲವೂ ನೀವು ಒಂದೆರಡು ಬಾಟಲಿ ಹೆಚ್ಚಿಸುತ್ತಿದ್ದೀರಿ. ಹೋದ ತಿಂಗಳು ಅದು ಮೂವತ್ತಾಯಿತು. ನಾನು ಮದುವೆ ಮಾಡಿಸಿದ್ದು ಎಂಟಕ್ಕೇ! ನೆಂಟರೆದುರು ಬಾಯಿ ಬಿಡಲು ನನಗೆ ನಾಚಿಕೆ. ಅದಕ್ಕೇ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಸಿಂಧುವಿನ ಕಾಲೇಜಿನ ಪ್ರಯೋಗಾಲಯಕ್ಕೆ ಬಣ್ಣ ಹೊಡೆಯುತ್ತಿದ್ದರು. ಹಾಗಾಗಿ ಅವಳ ಪ್ರಾಜೆಕ್ಟಿನ ನೊಣಗಳು ಹಲಸೂರಿನ ನಮ್ಮ ಮನೆಗೆ ಬಂದವು. ಬಾಳೆಹಣ್ಣಿನ ಮೇಲೆ ಕೂರುತ್ತವಲ್ಲ, ಆ ಚಿಕ್ಕ ನೊಣ. ರವೆ, ಬೆಲ್ಲ ಬೇಯಿಸಿ ಬಾಟಲಿಯ ತಳಕ್ಕೆ ಹಾಕಿ, ಬಾಯಿಗೆ ಹತ್ತಿ ತುರುಕಿ ಸಾಕುತ್ತಾರೆ. ಹೆಚ್ಚುಕಡಿಮೆ ನಮ್ಮ ಸಜ್ಜಿಗೆಯೇ! ನೀಲಿ ಪಟ್ಟಿಯ ಎಂಟು ಬಾಟಲಿಗಳಲ್ಲಿ ಬರೀ ಹೆಣ್ಣು. ಬೇರೆ ಎರಡು ದೊಡ್ಡ ಬಾಟಲಿಗಳಲ್ಲಿ ಬರೀ ಗಂಡು. ಒಂದಕ್ಕೆ ಕೆಂಪು ಪಟ್ಟಿ, ಒಂದಕ್ಕೆ ನೀಲಿ.

"ಅಜ್ಜಿ, ಬಾಣಸವಾಡಿಗೆ ಫ್ರೆಂಡ್ ಮನೆಗೆ ಹೋಗಿ ರಿಪೋರ್ಟ್ ಬರ್ಕೊಂಡು ಸಂಜೆ ಬಂದ್ಬಿಡ್ತೀನಿ. ನಾಳೆ ನಾನೇ ಎಣಿಸಿ ಗಂಡು ಬಿಡ್ಬೇಕು, ಶುಕ್ರವಾರ ಮೇಡಂಗೆ ತೋರಿಸ್ಬೇಕು. ಮೂರು ವಾರದ ಕೆಲಸ. ಇರುವೆ ಬರ್ದಂಗೆ ನೋಡ್ಕೊ, ಅಷ್ಟೇ. ಮುಟ್ಬೇಡ!"

"ಹುಳ ಸಾಕೋದು ನಂಗೇ ಹೇಳ್ಕೊಡ್ತೀಯೇನೇ?" ಎಂದೆ.

ಆ ಗರ್ವಕ್ಕೆ ಕಾರಣವಿತ್ತು. ಶಿಡ್ಲಘಟ್ಟದ ಕಡೆಯ ನಮ್ಮೂರಿನಲ್ಲಿ ಏಳನೇ ಕ್ಲಾಸು ಮುಗಿಸಿದ ಮೇಲೆ ನಾನು ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ದುಡಿದವಳು. ಬೆಳಗ್ಗೆ ಗೂಡೊಡೆದು ಬಂದ ಚಿಟ್ಟೆಗಳಲ್ಲಿ ಹೆಣ್ಣು ಗಂಡು ಆರಿಸಿ ಜೋಡಿ ಮಾಡುವುದೇ ನಮ್ಮ ಕೆಲಸ. ಹೊತ್ತು ಮೀರಿ ಹೆಣ್ಣು ಒಂಟಿಯಾಗಿ ಉಳಿದರೆ ಮೊಟ್ಟೆಯೆಲ್ಲ ದಂಡ. ಇಲ್ಲಿ ನೋಡಿದರೆ ಮೂರು ದಿನದಿಂದ ಒಂಟಿ! ಸಾಲದ್ದಕ್ಕೆ ನಾಳೆ ತನಕ ಕಾಯಬೇಕಂತೆ!

ಹೆಣ್ಣುಗಳು ಗಾಜಿನ ಮೇಲೆ ಹತ್ತುವುದು, ಇಳಿಯುವುದು. ನಾನು ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ. ಕೂತರೆ ಏಳಬೇಕು, ಎದ್ದರೆ ನೋಡಬೇಕು.

"ಅಮ್ಮ, ಸುಮ್ನೆ ಒಂದ್ಕಡೆ ಕೂತ್ಕೋ. ಮುಟ್ಬೇಡ ಅಂದಿದಾಳೆ," ಎಂದಳು ಕೆಲಸಕ್ಕೆ ಹೊರಟಿದ್ದ ನಿಮ್ಮಮ್ಮ ಲಲಿತ.

"ಮುಟ್ಟಲ್ಲ ಕಣೇ. ಬರೀ ಜೋಡಿ ಮಾಡ್ತೀನಿ."

ಅವಳಿಗೆ ಬಸ್ಸಿನ ಅವಸರ. ಕೇಳಿಸಿಕೊಳ್ಳಲಿಲ್ಲ.

ನಿಮ್ಮ ತಾತ ತೀರಿಕೊಂಡ ಮೇಲೆ ಯಾವ ಮದುವೆಯಲ್ಲೂ ನಾನು ಮುಂದೆ ನಿಂತವಳಲ್ಲ. ಅಂದು ಎಂಟು ಮದುವೆಗಳ ಸಂಪೂರ್ಣ ಜವಾಬ್ದಾರಿಯನ್ನು ಏಕಾಂಗಿಯಾಗಿ ವಹಿಸಿಕೊಂಡೆ! ಹತ್ತಿ ತೆಗೆದು, ಬಾಟಲಿಯ ಬಾಯಿಗೆ ಬಾಯಿ ಸೇರಿಸಿ, ಬುಡಕ್ಕೆ ತಟ್ಟಿದೆ. ರೇಷ್ಮೆ ಚಿಟ್ಟೆ ಹಾರುವುದಿಲ್ಲ. ನೊಣ ಹಾರುತ್ತದೆ. ಇದು ಆಮೇಲೆ ನೆನಪಾಯಿತು! ಅರ್ಧದಷ್ಟು ನೊಣ ಬಾಟಲಿಯೊಳಗೆ ಹೋದವು. ಉಳಿದವು, ಗಂಡೂ ಹೆಣ್ಣೂ, ನನ್ನ ತುರುಬಿನಲ್ಲಿ ಕೂತು ಆಮೇಲೆ ಅಡುಗೆಮನೆ ಸೇರಿದವು. ಆರು ಮದುವೆಗೆ ಕೆಂಪು ಪಟ್ಟಿಯ ಗಂಡುಗಳು ಮುಗಿದವು. ಕೊನೆಯ ಎರಡಕ್ಕೆ ನೀಲಿ ಪಟ್ಟಿಯವನ್ನು ಬಿಟ್ಟೆ.

ಸಂಜೆ ಸಿಂಧು ಬಂದಳು. ನೋಡಿದಳು. ಚೀಲದ ಸಮೇತ ನೆಲದ ಮೇಲೆ ಕೂತಳು.

"ಅಜ್ಜೀ! ಎಷ್ಟು ಗಂಡು ಹಾಕ್ದೆ? ಯಾವಾಗ ಹಾಕ್ದೆ? ಏನಾದ್ರೂ ಬರ್ದಿಟ್ಟಿದೀಯಾ?"

"ದಿಬ್ಬಣದಲ್ಲಿ ಯಾರಾದ್ರೂ ತಲೆ ಎಣಿಸ್ತಾರೇನವ್ವಾ?"

ಭಾವನಾ ನಕ್ಕಳು. ಸಿಂಧು ಅತ್ತಳು.

ಮರಿಗಳಾದರೂ ಬಂದರೆ ಅವಳಿಗೆ ಸಮಾಧಾನವಾದೀತೆಂದು ಕಾದೆ. ಮಾರನೆಯ ದಿನ ಬೆಲ್ಲದ ಮೇಲೆ ಬಿಳಿ ಚುಕ್ಕಿಗಳಂತೆ ಮೊಟ್ಟೆ. ಅದರ ಮಾರನೆಯ ದಿನ ಭೂತಗನ್ನಡಿ ಹಿಡಿದು ನೋಡಿದರೆ ಕೊನೆಯ ಎರಡು ಬಾಟಲಿಗಳಲ್ಲಿ ಮಾತ್ರ ಮರಿ. ಉಳಿದ ಆರರಲ್ಲಿ ಒಂದೂ ಒಡೆದಿರಲಿಲ್ಲ.

"ನನ್ನ ಕೈಯೇ ಸರಿಯಿಲ್ಲ ಕಣೇ. ಮದುವೆ ಮನೇಲಿ ಹಿಂದೆ ನಿಲ್ಲೋದು ಇದಕ್ಕೇ," ಎಂದೆ.

ಸಿಂಧು ತಲೆಯೆತ್ತಿದಳು. "ಆ ಆರಕ್ಕೆ ಯಾವ ಬಾಟಲಿ ಗಂಡು ಹಾಕಿದ್ದೆ?"

"ಕೆಂಪು."

ಎರಡು ದಿನದಲ್ಲಿ ಮೊದಲ ಸಲ ನಕ್ಕಳು. "ಅಜ್ಜಿ, ನಿನ್ನ ಕೈಯಲ್ಲ! ಕೆಂಪು ಪಟ್ಟಿಯವುಗಳ ಮೈಯಲ್ಲಿ ಒಂದು ಬ್ಯಾಕ್ಟೀರಿಯಾ ಇದೆ. ನೀಲಿ ಪಟ್ಟಿಯ ಗಂಡು ಹೆಣ್ಣು ಎರಡಕ್ಕೂ ಔಷಧಿ ಕೊಟ್ಟು ತೆಗ್ದಿದೀವಿ. ಅದು ಮಕ್ಕಳಿಗೆ ಬರೋದು ತಾಯಿ ಮೊಟ್ಟೆಯಿಂದ, ಅಪ್ಪನಿಂದ ಬರಲ್ಲ. ಅದಿರೋ ಗಂಡು ಅದಿಲ್ಲದ ಹೆಣ್ಣನ್ನ ಕೂಡಿದ್ರೆ ಮೊಟ್ಟೆ ಸಾಯುತ್ತೆ. ಅದಿರೋ ಹೆಣ್ಣಿಗೆ ಯಾವ ಗಂಡಾದ್ರೂ ಸರಿ. ಹಂಗಾಗಿ ಅಂಥ ಹೆಣ್ಣುಗಳ ವಂಶವೇ ಬೆಳೆಯುತ್ತೆ."

"ಅಬ್ಬಾ! ಕಣ್ಣಿಗೆ ಕಾಣದ್ದು ಇಷ್ಟೆಲ್ಲ ಮಾಡುತ್ತಾ?"

"ಇನ್ನೂ ಇದೆ. ಕೆಲವು ಹುಳಗಳಲ್ಲಿ ಗಂಡುಮರಿಗಳನ್ನೇ ಕೊಂದ್ಹಾಕುತ್ತೆ. ಕೆಲವದರಲ್ಲಿ ಗಂಡಾಗಬೇಕಾದ್ದನ್ನ ಹೆಣ್ಣು ಮಾಡುತ್ತೆ. ಅದಿದ್ರೆ ಕೆಲವು ಕಣಜದ ಹುಳಗಳಿಗೆ ಮರಿ ಮಾಡೋಕೆ ಗಂಡೇ ಬೇಡ!"

"ನಮ್ಮತ್ತೆ ಇರ್ಬೇಕಿತ್ತು," ಎಂದೆ. "ಮೂರೂ ಹೆಣ್ಣೇ ಹೆತ್ತೆ ಅಂತ ಸಾಯೋ ತನಕ ನನ್ನ ಬೈದ್ರು. ನಾನೂ ತಪ್ಪನ್ನ ಈ ಹುಳದ ಮೇಲೆ ಹಾಕ್ಬೋದಿತ್ತು!"

ಲೆಕ್ಕವಿಲ್ಲದ್ದರಿಂದ ನನ್ನ ಮದುವೆಗಳು ವರದಿಗೆ ಸೇರಲಿಲ್ಲ. ಸಿಂಧು ಮೇಡಂ ಮುಂದೆ ನಿಜ ಹೇಳಿದಳು. ಅವರು ನಕ್ಕು ಮೂರು ವಾರ ಕೊಟ್ಟರು. ಮಗು ಮೊದಲಿನಿಂದ ಎಲ್ಲ ಮಾಡಿತು. ಮೇಡಂ ಅದನ್ನು ಮೆಚ್ಚಿಕೊಂಡರು. ನನಗೆ ರವೆ ಬೆಲ್ಲ ಬೇಯಿಸುವ ಕೆಲಸ ಮಾತ್ರ. ಘಮ್ಮೆನ್ನಲೆಂದು ಏಲಕ್ಕಿ ಹಾಕಿದೆ. ಆ ಹುದ್ದೆಯೂ ಹೋಯಿತು!

ವರದಿಯ ಕೊನೆಯ ಪುಟದಲ್ಲಿ ನನಗೂ ಕೃತಜ್ಞತೆ ಇದೆ: "ದೂರವಿದ್ದು ಸಹಕರಿಸಿದ ಅಜ್ಜಿಗೆ."

ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ. ಬಾಳೆಹಣ್ಣಿನ ಬುಟ್ಟಿಯ ಹತ್ತಿರ ಮಾತ್ರ ಬೇಡ. ನನ್ನ ತುರುಬಿನಿಂದ ಹಾರಿದವರು ಅಲ್ಲೇ ಸಂಸಾರ ಹೂಡಿದ್ದಾರೆ. ಅವರಿಗೆ ಯಾರೂ ಮದುವೆ ಮಾಡಿಸಲಿಲ್ಲ. ತುಂಬಾ ಚೆನ್ನಾಗಿದ್ದಾರೆ!