ನಮ್ಮ ಹಜಾರದಿಂದಲೇ ಹೊರಟ ಆರ್ಥಿಕ ಕುಸಿತ

ಕೋಪ ಬಂದಾಗ ಕತ್ತರಿ ಹಿಡಿಯಬಾರದು ಎಂದು ನನಗೆ ಹೊಲಿಗೆ ಕಲಿಸಿದ ಟೀಚರು ಹೇಳುತ್ತಿದ್ದರು. ಕೋಪ ಇಳಿಯುತ್ತದೆ, ಕತ್ತರಿಸಿದ ಬಟ್ಟೆ ಮಾತ್ರ ಮತ್ತೆ ಕೂಡುವುದಿಲ್ಲ ಎನ್ನುವುದು ಅವರ ವಾದ. ಅವರ ಮಾತು ಪಾಲಿಸಿದ್ದರೆ ಈ ವರ್ಷ ನಾನು ಒಂದೇ ಒಂದು ರವಿಕೆಯನ್ನೂ ಹೊಲಿಯುವಂತಿರಲಿಲ್ಲ. ಹಲ್ಲುಜ್ಜುವಾಗ ಕೋಪ, ಒಗ್ಗರಣೆ ಹಾಕುವಾಗ ಕೋಪ. ಸರ್ಕಾರದ ಮೇಲಲ್ಲ, ಅಮೆರಿಕದ ಮೇಲೂ ಅಲ್ಲ. ನಮ್ಮ ಮನೆಯವರ ಮೇಲೆ.

ನಮ್ಮ ಮನೆಯವರ ಹೆಸರು ಪ್ರಭಾಕರ. ಇಲ್ಲೇ ಹೊಸನಗರದ ಒಂದು ಕಚೇರಿಯಲ್ಲಿ ಗುಮಾಸ್ತರು. ತಿಂಗಳು ತಿರುಗಿತೆಂದರೆ ಸಂಬಳ ತಾನೇ ಮನೆಗೆ ಬರುತ್ತದೆ. ಪ್ರಪಂಚ ಮುಳುಗಿಹೋಗುತ್ತದೆ ಎಂದು ಮೊದಲು ಹೆದರುವವರು ಇಂಥವರೇ ಯಾಕೋ! ದಿನಗೂಲಿಯವರಿಗೆ ಪಾಪ, ಹೆದರಲಿಕ್ಕೂ ಪುರುಸೊತ್ತಿರುವುದಿಲ್ಲ. ಇವರಿಗೆ ಹೆದರಿಕೆ ಹುಟ್ಟಿಸಿದವನು ಮೊಬೈಲಿನೊಳಗಿನ ಒಬ್ಬ ಕೋಟಿನವನು. ಬೆನ್ನ ಹಿಂದೆ ಕೆಂಪು ಬಾಣವೊಂದು ಪಾತಾಳಕ್ಕೆ ಇಳಿಯುತ್ತಿರುತ್ತದೆ. "ಮಹಾ ಕುಸಿತ ಬರ್ತಿದೆ, ನೀವು ತಯಾರಾಗಿದ್ದೀರಾ?" ಎಂದು ಅವನು ಕಿರುಚುತ್ತಾನೆ. ನಾನೂ ಒಮ್ಮೆ ಇಣುಕಿ ನೋಡಿದೆ. ಅವನ ಕೋಟಿನ ಭುಜವೇ ಸರಿಯಾಗಿ ಕೂತಿರಲಿಲ್ಲ. ತನ್ನ ಹೆಗಲಿನ ಅಳತೆ ತಿಳಿಯದವನು ಪ್ರಪಂಚದ ಅಳತೆ ಏನು ತೆಗೆದಾನು! ಹಾಗೆಂದಿದ್ದಕ್ಕೆ ಇವರು, "ನಿಂಗೆ ಎಕಾನಮಿ ಅರ್ಥ ಆಗಲ್ಲ, ಸುಮ್ನಿರು" ಎಂದರು.

ಸುಮ್ಮನಿದ್ದೆ. ಅದೇ ತಪ್ಪಾಯಿತು. ಒಂದು ಭಾನುವಾರ ಸಾಗರದಿಂದ ಗೂಡ್ಸ್ ಆಟೋ ಬಂದು ಮನೆ ಮುಂದೆ ನಿಂತಿತು. ಅಕ್ಕಿ ಮೂಟೆಗಳು, ಉಪ್ಪಿನ ಚೀಲ, ಮೇಣದಬತ್ತಿ, ಬೆಂಕಿಪೊಟ್ಟಣ, ಎಲ್ಲಕ್ಕಿಂತ ಕೊನೆಗೆ ಇಬ್ಬರು ಹೊತ್ತು ಇಳಿಸಿದ ಒಂದು ಬೀಸುವ ಕಲ್ಲು.

"ಇದ್ಯಾಕೆ?"

"ಕರೆಂಟೇ ಹೋಯ್ತು ಅಂದ್ಕೋ. ಮಿಕ್ಸಿ ಎಲ್ಲಿ ನಡೆಯುತ್ತೆ?"

"ಬೀಸೋರು ಯಾರು?"

ಪ್ರಭಾಕರ ಆಕಾಶ ನೋಡಿದರು. ಪ್ರಪಂಚದ ಆರ್ಥಿಕತೆಯನ್ನೆಲ್ಲ ಕೂಲಂಕಷವಾಗಿ ವಿಚಾರ ಮಾಡಿದ್ದ ಮನುಷ್ಯ ಇದೊಂದನ್ನು ವಿಚಾರ ಮಾಡುವ ಅಗತ್ಯವೇ ಇಲ್ಲ ಎಂದುಕೊಂಡಿದ್ದರು.

ಮೂಟೆಗಳು ಹಜಾರದಲ್ಲಿ ಕೂತವು. ಹಜಾರವೆಂದರೆ ನನ್ನ ಅಂಗಡಿ. ಅಲ್ಲೇ ನನ್ನ ಮಷಿನ್ನು, ಬಟ್ಟೆ ಕತ್ತರಿಸುವ ಮೇಜು, ನನ್ನ ಜೊತೆ ಕೂತು ಹುಕ್ಕು-ಕಾಜ ಹಾಕಿ, ಸೀರೆಗೆ ಫಾಲ್ ಹೊಲಿಯುವ ಸುನಂದಾಳ ಸ್ಟೂಲು. ಸುನಂದಾ ಹುಂಚದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಗಂಡ ತೀರಿಕೊಂಡಿದ್ದಾನೆ. ಅತ್ತೆಯ ಔಷಧಿ, ಮಗಳ ಕಾಲೇಜು ಎಲ್ಲವೂ ಅವಳ ಸೂಜಿಯ ತುದಿಯಲ್ಲೇ ನಿಂತಿತ್ತು. ಮೇಜನ್ನು ಮೂಲೆಗೆ ತಳ್ಳಿ, ಮೂಟೆಗಳ ಸಂದಿಯಲ್ಲಿ ಕೂತು ನಾವಿಬ್ಬರೂ ಹೊಲಿದೆವು. "ಅಕ್ಕಾ, ಗೋಡೌನಿನಲ್ಲಿ ಇಲಿಗಳು ಹೀಗೇ ಕೂತಿರ್ತಾವೆ ನೋಡಿ" ಎಂದು ಅವಳು ನಗುತ್ತಿದ್ದಳು.

ಅಷ್ಟಕ್ಕೇ ನಿಂತಿದ್ದರೆ ನಾನೂ ನಗುತ್ತಿದ್ದೆ. ಆದರೆ ಜ್ಞಾನ ಬಂದವರು ಸುಮ್ಮನೆ ಕೂರುತ್ತಾರೆಯೇ? ರವಿಕೆ ಕೊಡಲು ಬಂದ ಹೆಂಗಸರಿಗೆಲ್ಲ ಪ್ರಭಾಕರ ಬಾಗಿಲಲ್ಲೇ ಉಪದೇಶ ಶುರು ಮಾಡಿದರು. "ಬಟ್ಟೆಬರೆಗೆಲ್ಲ ಖರ್ಚು ಮಾಡೋ ಕಾಲ ಅಲ್ಲಮ್ಮ ಇದು. ಇರೋದ್ರಲ್ಲೇ ಸುಧಾರಿಸ್ಕೊಳ್ಳಿ." ಹೆಂಡತಿಯ ಹೊಲಿಗೆ ಅಂಗಡಿಯ ಹೊಸ್ತಿಲಲ್ಲಿ ನಿಂತು ಈ ಮಾತು! ಗಿರಾಕಿಗಳು ತಲೆಯಾಡಿಸಿ, ತಂದ ಕವರನ್ನು ಹಾಗೇ ಕಂಕುಳಿಗೆ ಸೇರಿಸಿಕೊಂಡು ಹಿಂದಿರುಗಿದರು. ನಾನು ವಿಚಾರಿಸಿದರೆ, "ಮುಂದೆ ನೋಡಣ ರತ್ನಕ್ಕ. ಕೆಟ್ಟ ಕಾಲ ಬರ್ತಿದ್ಯಂತೆ, ನಿಮ್ಮ ಯಜಮಾನ್ರೇ ಹೇಳಿದ್ರಲ್ಲ" ಎಂದರು. ಅಡಿಕೆ ರೇಟು ಬಿದ್ದ ವರ್ಷದಲ್ಲೂ ನಿಲ್ಲದ ನನ್ನ ಮಷಿನ್ನು ನಿಂತಿತು. "ನೋಡಿದ್ಯಾ, ನಾ ಹೇಳಿರ್ಲಿಲ್ವಾ? ಶುರುವಾಯ್ತು" ಎಂದರು ಇವರು. ಆಗ ನನ್ನ ಕೈಯಲ್ಲಿ ಇದ್ದದ್ದು ಕತ್ತರಿ. ಟೀಚರನ್ನು ನೆನೆದು ಕೆಳಗಿಟ್ಟೆ.

ಕೂತು ಮಾಡಲು ಕೆಲಸವೇ ಇಲ್ಲದಾಗ ಸುನಂದಾಗೆ ಹೇಳಿದೆ. "ಸ್ವಲ್ಪ ದಿನ ಬರೋದು ಬೇಡ ಮಾರಾಯ್ತಿ. ಕಾಲ ಕೆಟ್ಟಿದೆ. ಸರಿಯಾದ ಮೇಲೆ ನಾನೇ ಹೇಳಿ ಕಳಿಸ್ತೀನಿ." ಅವಳು ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕುತ್ತಿದ್ದ ತಗಡಿನ ಟೊಪ್ಪಿಯನ್ನು ಪರ್ಸಿಗೆ ಸೇರಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದಳು.

ಎದುರುಮನೆ ವಿಜಯಮ್ಮನ ಮಗಳ ಸೀಮಂತ ಬಂತು. ಹೋಗಿ ನೋಡುತ್ತೇನೆ, ಕೇರಿಯ ಹೆಂಗಸರೆಲ್ಲ ಹಳೇ ರವಿಕೆಯಲ್ಲಿ! ಒಬ್ಬರಿಗೆ ತೋಳು ರಕ್ತ ಕಟ್ಟುವಷ್ಟು ಬಿಗಿ, ಇನ್ನೊಬ್ಬರು ಬೆನ್ನಿನ ಹುಕ್ಕು ಕಿತ್ತುಹೋಗಿ ಸೆಕೆಯಲ್ಲೂ ಸೆರಗು ಹೊದ್ದು ಗೋಡೆಗೆ ಒರಗಿ ಕೂತಿದ್ದಾರೆ. ಊಟದ ಪಂಕ್ತಿಯಲ್ಲಿ ನಮ್ಮ ಮನೆಯವರು ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿಕೊಳ್ಳುತ್ತ, ತುಪ್ಪದ ಕೈಯನ್ನೇ ಎತ್ತಿ, "ಇಂಥ ಸಮಾರಂಭಗಳನ್ನ ಮೊದಲು ನಿಲ್ಲಿಸ್ಬೇಕು" ಎನ್ನುತ್ತಿದ್ದರು.

ನನ್ನೊಳಗೆ ಏನೋ ಟಪ್ಪೆಂದು ಕಿತ್ತುಬಂತು. "ರೀ," ಎಂದು ಇಡೀ ಪಂಕ್ತಿ ತಿರುಗುವ ಹಾಗೆ ಕೂಗಿದೆ. "ಮೊದಲು ಆ ಹೋಳಿಗೆ ಎಲೇಲಿ ಬಿಡಿ! ಕುಸಿತ ಅಮೆರಿಕದಿಂದ ಬರ್ಲಿಲ್ಲ, ನಮ್ಮ ಹಜಾರದಿಂದ ಹೊರಟಿದ್ದು. ನಿಮ್ಮ ಸಂಬಳಕ್ಕೆ ಏನಾಯ್ತು? ಏನೂ ಆಗ್ಲಿಲ್ಲ! ನಿಮ್ಮ ಹೆದರಿಕೆ ಮೂಟೆ ಕಟ್ಕೊಂಡು ಬಂದು ನನ್ನ ಅಂಗಡಿ ಮುಚ್ಚಿಸ್ತು. ಆ ಸುನಂದಾ ಮನೇಲಿ ಒಲೆ ಹೇಗೆ ಉರೀತಿದ್ಯೋ ಯಾರು ಕೇಳಿದ್ರಿ? ನೀವೂ ಅಷ್ಟೇ," ಎಂದು ಹೆಂಗಸರ ಕಡೆಗೂ ತಿರುಗಿದೆ, "ಉಸಿರು ಕಟ್ಟಿ ಸತ್ರೂ ಪರ್ವಾಗಿಲ್ಲ, ರವಿಕೆ ಹೊಲಿಸಲ್ಲ!" ಯಾರೂ ಉಸಿರೆತ್ತಲಿಲ್ಲ, ಕೆಲವರಿಗೆ ರವಿಕೆಯಿಂದಾಗಿ ಎತ್ತುವಂತೆಯೂ ಇರಲಿಲ್ಲ. ಬಸುರಿ ಹುಡುಗಿ ಮಾತ್ರ ಕಿಸಕ್ಕನೆ ನಕ್ಕಳು. ಪ್ರಭಾಕರ ಎದ್ದು ಕೈ ತೊಳೆದರು.

ಮರುದಿನ ಮೂಟೆ ಬಿಚ್ಚಿದರೆ ಅಕ್ಕಿಯೊಳಗೆ ಹುಳುಗಳ ದೊಡ್ಡ ಸಂಸಾರವೇ ಇತ್ತು. ಅವುಗಳಿಗೆ ಮಾತ್ರ ಒಳ್ಳೆಯ ಕಾಲ. ಪ್ರಭಾಕರ ಅಂಗಳದಲ್ಲಿ ಅಕ್ಕಿ ಹರವಿ, ಕುಕ್ಕರಗಾಲಿನಲ್ಲಿ ಕೂತು ಆರಿಸತೊಡಗಿದರು. ನನ್ನ ಮೇಜು ಮತ್ತೆ ಹಜಾರದ ನಡುವಿಗೆ ಬಂತು. ಹೆಂಗಸರು ಒಬ್ಬೊಬ್ಬರಾಗಿ, ಮೊದಮೊದಲು ಸಂಕೋಚದಿಂದ, ಆಮೇಲೆ ದಂಡಿಯಾಗಿ ಬಂದರು. ನಾನು ಗೆದ್ದೆ ಎಂದುಕೊಂಡು ಹುಂಚದ ಬಸ್ಸು ಹತ್ತಿದೆ. ಎಷ್ಟು ಫೋನ್ ಮಾಡಿದರೂ ಸುನಂದಾ ಎತ್ತಿರಲಿಲ್ಲ.

ಅವಳು ಮನೆಯಲ್ಲೇ ಸಿಕ್ಕಳು. ಚಹಾ ಕೊಟ್ಟಳು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಾನೀಗ ತೀರ್ಥಹಳ್ಳೀಲಿ ಬಟ್ಟೆ ಅಂಗಡಿಗೆ ಸೇರಿದೀನಿ. ಆಲ್ಟ್ರೇಷನ್ ಕೆಲಸ, ಸಂಬಳಾನೂ ಜಾಸ್ತಿ."

"ಅಲ್ವೇ, ನಾನೇ ಹೇಳಿ ಕಳಿಸ್ತೀನಿ ಅಂದಿರ್ಲಿಲ್ವಾ?"

"ಅಂದಿದ್ರಿ. ಕಾಲ ಕೆಟ್ಟಿದೆ ಅಂತಾನೂ ಅಂದ್ರಲ್ಲ? ಹಾಗಾಗಿ ಮರುದಿನಾನೇ ಕೆಲಸ ಹುಡುಕ್ದೆ. ಕಾಯ್ತಾ ಕೂತ್ರೆ ನಮ್ಮನೇಲಿ ಮೂಟೆ ಇದ್ಯಾ?"

ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನೂ ಜಗಳಕ್ಕೆ ನಿಲ್ಲಬಹುದಿತ್ತು. ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಯಾರನ್ನು ಬೈಯಲಿ ಎಂದು ಹುಡುಕಿ ಹುಡುಕಿ, ಕೊನೆಗೆ ಚಿಲ್ಲರೆ ಕೊಡದ ಕಂಡಕ್ಟರನನ್ನು ಬೈದೆ.

ಈಗ ಕಚೇರಿ ಮುಗಿಸಿ ಬಂದ ಪ್ರಭಾಕರರನ್ನು ಹುಕ್ಕು ಹಾಕಲು ಕೂರಿಸುತ್ತೇನೆ. ಮೊನ್ನೆ ವಿಜಯಮ್ಮನ ರವಿಕೆಗೆ ಎರಡೂ ಕಡೆ ಹುಕ್ಕನ್ನೇ ಹಾಕಿಟ್ಟಿದ್ದರು. ಸಿಕ್ಕಿಸಲು ಕುಣಿಕೆಯೇ ಇಲ್ಲ. ವಿಜಯಮ್ಮ ಅದನ್ನು ಮೇಜಿನ ಮೇಲೆ ಎಸೆದು, "ಇಂಥವ್ರನ್ನೆಲ್ಲ ಯಾಕ್ರೀ ಇಟ್ಕೊಂಡಿದೀರ? ಕೆಲಸದಿಂದ ತೆಗೆದುಹಾಕಿ" ಎಂದು, ಹಾಕಿದವರು ಯಾರೆಂದು ತಿಳಿಯದೆ ರೇಗಿದರು. ಪ್ರಭಾಕರ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುವಂತೆ ನಟಿಸುತ್ತಿದ್ದರು. ತೆಗೆದುಹಾಕುವುದೇನು ಮಹಾ, ನನಗೆ ಚೆನ್ನಾಗಿಯೇ ಬರುತ್ತದೆ. ಅದು ಊರಿಗೆಲ್ಲ ಗೊತ್ತಾಗಿರುವುದರಿಂದಲೇ ಹೊಸಬರು ಯಾರೂ ಕೆಲಸಕ್ಕೆ ಬರುತ್ತಿಲ್ಲ.