ಅಪ್ಪ-ಮಗಳ ಕುಣಿತಕ್ಕೊಂದು ಹಾಡು

ಹೆದರುವುದರಲ್ಲಿ ನಾನು ಪಳಗಿದ ಕೈ. ಹೆದ್ದಾರಿಯಲ್ಲಿ ದೊಡ್ಡ ಟ್ರಕ್ಕು ಪಕ್ಕಕ್ಕೆ ಬಂದರೆ ಉಸಿರು ಬಿಗಿಹಿಡಿಯುತ್ತೇನೆ. ಹಲ್ಲಿನ ಡಾಕ್ಟರ ಕಡೆಯಿಂದ ಫೋನು ಬಂದರೆ ಬೆವರುತ್ತೇನೆ. ಆದರೆ ಒಂದು ಹಾಡು ಆರಿಸುವುದಕ್ಕೂ ಎದೆ ನಡುಗುತ್ತದೆಂದು ಮಗಳ ಮದುವೆಯವರೆಗೆ ಗೊತ್ತಿರಲಿಲ್ಲ.

ಮಗಳು ಅನು ಕೈಹಿಡಿದ ಹುಡುಗ ಅಟ್ಲಾಂಟಾ ಕಡೆಯ ಅಮೆರಿಕನ್. ಬೆಳಿಗ್ಗೆ ಲ್ಯಾನ್‌ಹ್ಯಾಮ್‌ನ ದೇವಸ್ಥಾನದಲ್ಲಿ ಧಾರೆ, ಸಂಜೆ ಹೋಟೆಲಿನಲ್ಲಿ ಊಟ. ಊಟಕ್ಕೆ ಮುಂಚೆ, ಇಲ್ಲಿನವರ ಪದ್ಧತಿಯಂತೆ, ಅಪ್ಪ ಮಗಳೊಂದಿಗೆ ಕುಣಿಯಬೇಕಂತೆ. "ನಿಂಗೆ ಓಲ್ಡ್ ಸಾಂಗ್ಸ್ ಇಷ್ಟ ಅಲ್ವಾ ಅಪ್ಪ, ನೀನೇ ಪಿಕ್ ಮಾಡು" ಎಂದಳು. ಹಿಗ್ಗಿದೆ. ಈ ದೇಶಕ್ಕೆ ಬಂದ ಹೊಸದರಲ್ಲಿ ನನಗೆ ಇಂಗ್ಲಿಷ್ ಉಚ್ಚಾರ ಕಲಿಸಿದ್ದೇ ಕಾರಿನ ರೇಡಿಯೋದ ಹಳೇ ಹಾಡುಗಳು. ರಾಗವೆಲ್ಲ ಬಾಯಿಪಾಠ, ಅರ್ಥದ ಗೋಜಿಗೆ ಹೋದವನಲ್ಲ.

ಜರ್ಮನ್‌ಟೌನಿನ ನಮ್ಮ ಅಡುಗೆಮನೆಯಲ್ಲಿ ಒಂದು ಹಾಡು ಹಾಕಿದೆ. ಅನು ಹುಬ್ಬು ಗಂಟಿಕ್ಕಿದಳು. "ಅಪ್ಪ, ಈ ಹಾಡಲ್ಲಿ ಅವಳು ನೋ ಅಂತಿದಾಳೆ. ಇವನು ಬಿಡ್ತಾ ಇಲ್ಲ. ದಟ್ಸ್ ಸ್ಕೇರಿ!" ಇನ್ನೊಂದು ಹಾಕಿದೆ. ಅದರಲ್ಲಿ ಊರೆಲ್ಲ ಅಲೆದು ಬರುವ ಗಂಡನಿಗಾಗಿ ಹೆಂಡತಿ ಬಿಸಿ ಊಟ ಇಟ್ಟುಕೊಂಡು ನಗುನಗುತ್ತಾ ಕಾಯುತ್ತಾಳೆ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಆಗತಾನೆ ಬಂದಿದ್ದ ನನ್ನ ಹೆಂಡತಿ ಶಾರದಾ, ಬೂಟು ಕಳಚುತ್ತಾ ಕೇಳಿದಳು, "ಮದುವಿ ಆದ ಹೊಸದಾಗ ಇದನ್ನ ನನಗ ಹಾಡಿ ತೋರಸ್ತಿದ್ರಿ, ಹೌದಲ್ರೀ?"

"ರಾಗ ಚಲೋ ಇತ್ತು" ಎಂದೆ.

"ರಾಗ!" ಎಂದಳು. ಕಳಚಿದ ಬೂಟನ್ನು ಕೈಯಲ್ಲಿ ಹಿಡಿದು ಒಳಗೆ ಹೋದಳು. ಬೈದಿದ್ದರೆ ಧೈರ್ಯವಾಗಿರುತ್ತಿತ್ತು.

ಅಂದಿನಿಂದ ಯಾವ ಹಾಡು ಕೇಳಿದರೂ ನನಗೇ ದಿಗಿಲು. ಒಂದರಲ್ಲಿ ಹೆಣ್ಣು ಗೊಂಬೆ, ಇನ್ನೊಂದರಲ್ಲಿ ದೇವತೆ, ಮತ್ತೊಂದರಲ್ಲಿ ಮಾಯಗಾತಿ. ನನ್ನ ಮನೆಯ ಇಬ್ಬರು ಹೆಂಗಸರಂಥವಳು ಮಾತ್ರ ಎಲ್ಲೂ ಸಿಗಲಿಲ್ಲ. ಕೊನೆಗೆ ಮಾತೇ ಇಲ್ಲದ ಪಿಯಾನೋ ಸಂಗೀತವೊಂದನ್ನು ಆರಿಸಿದೆ. ಅನು ಒಪ್ಪಿದಳು. ಮದುವೆಯ ಸಂಜೆ ಅವಳ ಕಾಲು ತುಳಿದದ್ದು ಬಿಟ್ಟರೆ ಎಲ್ಲ ಸುಸೂತ್ರವಾಗಿ ನಡೆಯಿತು.

ಬದುಕಿದೆ ಎಂದು ಕೂರುವಷ್ಟರಲ್ಲಿ ಹುಡುಗನ ಅಜ್ಜಿ ಎದುರಿಗೆ ಬಂದು ಕೈ ಚಾಚಿದರು. ಹಾಡು ಹಾಕುವವನಿಗೆ ಹೇಳಿ ತಮ್ಮ ಕಾಲದ್ದೊಂದನ್ನು ಹಾಕಿಸಿದ್ದರು. ಅದರಲ್ಲೂ ಗಂಡಸು ಅಪ್ಪಣೆ ಮಾಡುತ್ತಾನೆ, ಹೆಣ್ಣು ಹೂಂ ಅನ್ನುತ್ತಾಳೆ. ನಾನು ಗಾಬರಿಯಿಂದ ಸುತ್ತ ನೋಡಿ, "ಈ ಮಾತುಗಳಿಂದ ನಿಮಗೆ ಬೇಜಾರಿಲ್ಲವೆ?" ಎಂದು ಪಿಸುಗುಟ್ಟಿದೆ.

"ಬರೆದವರು ಗಂಡಸರು. ಅವರಿಗೇನು ಗೊತ್ತು ಪಾಪ!" ಎಂದು ಅಜ್ಜಿ ಇಂಗ್ಲಿಷಿನಲ್ಲಿ ಹೇಳಿ ನಕ್ಕು, ನನ್ನ ಸೊಂಟವನ್ನು ಗಟ್ಟಿಯಾಗಿ ಹಿಡಿದರು. "ಮೈ ಸಡಿಲ ಬಿಡು. ನಾನು ಕರೆದುಕೊಂಡು ಹೋದ ಕಡೆ ಬಾ."

ಶಾರದಾ ಫೋನು ಎತ್ತಿ ವಿಡಿಯೋ ಮಾಡತೊಡಗಿದಳು. ನಾನು ಕಣ್ಣು ತಗ್ಗಿಸಿ, ಮೆಲ್ಲಗೆ ಮುಗುಳ್ನಕ್ಕು, ಥೇಟ್ ಆ ಹಾಡುಗಳ ಹೆಣ್ಣಿನಂತೆ, ತಿರುಗಿಸಿದ ಕಡೆಗೆಲ್ಲ ತಿರುಗಿದೆ.